ಇದರಿಂದ ಏನು ಬಂತು?

"ಇದರಿಂದ ಏನು ಬಂತು?" ಎಂಬ ಪ್ರಶ್ನೆಯನ್ನು ನಮ್ಮ ವಿಜಯಪುರದಲ್ಲಿ ಯಾರು ಯಾರಿಗೆ ಕೇಳುತ್ತಾರೆ ಎಂಬುದನ್ನು ನಾನು ಬಹಳ ವರ್ಷಗಳಿಂದ ಲಕ್ಷ್ಯಕೊಟ್ಟು ನೋಡುತ್ತ ಬಂದಿದ್ದೇನೆ. ಮಗನ ಮದುವೆಗೆ ಡಿಜೆ ಹಚ್ಚಿ ಓಣಿಯ ಮುದುಕರ ಎದೆ ನಡುಗಿಸಿದವರಿಗೆ ಈ ಪ್ರಶ್ನೆ ಯಾರೂ ಹಾಕುವುದಿಲ್ಲ. ಬಾಡಿಗೆಗೆ ಒಬ್ಬರೂ ಬಾರದೆ, ಶಟರ್ ಎಳೆದುಕೊಂಡು ನಿಂತ ಮೂರಂತಸ್ತಿನ ಕಾಂಪ್ಲೆಕ್ಸ್ ಕಟ್ಟಿದವರಿಗೂ ಹಾಕುವುದಿಲ್ಲ. ಆದರೆ ಬಿಎಸ್ಸಿ ಮುಗಿಸಿದ ಹುಡುಗಿಯೊಬ್ಬಳು ಮೆಲ್ಲಗೆ, "ನಾ ಫಿಜಿಕ್ಸ್‌ನ್ಯಾಗ ಎಂಎಸ್ಸಿ ಮಾಡ್ತೀನಿ" ಎಂದಳೋ, ಅಪ್ಪ, ಕಾಕಾ, ಸೋದರಮಾವ, ಎದುರು ಮನೆಯ ಅಜ್ಜ, ಕಡೆಗೆ ಹಾಲಿನವನು ಕೂಡ ಒಂದೇ ಸ್ವರದಲ್ಲಿ ಕೇಳುತ್ತಾರೆ: "ಅದರಿಂದ ಏನ್ ಬರತೈತಿ?"

ಇದಕ್ಕೆ ಉತ್ತರ ಹೇಳುವವರು ಸಾಮಾನ್ಯವಾಗಿ ಅಂಜಿಕೊಂಡೇ ಹೇಳುತ್ತಾರೆ. ಎಕ್ಸ್‌ರೇ ಬಂದದ್ದು ಭೌತವಿಜ್ಞಾನದಿಂದ, ಮೊಬೈಲು ಬಂದದ್ದು ಅದರಿಂದಲೇ, ಜಿನೀವಾದ ಸರ್ನ್ ಎಂಬ ಪ್ರಯೋಗಾಲಯದಲ್ಲಿ 1989ರಲ್ಲಿ ಟಿಮ್ ಬರ್ನರ್ಸ್-ಲೀ ಎಂಬವನು ವೆಬ್‌ನ ಕಲ್ಪನೆ ಮುಂದಿಟ್ಟ, ಅದರಿಂದಲೇ ನೀವಿಂದು ಮನೆಯಲ್ಲಿ ಕುಳಿತು ಸೀರೆ ತರಿಸಿಕೊಳ್ಳುತ್ತೀರಿ ಎಂದೆಲ್ಲ ಪಟ್ಟಿ ಒಪ್ಪಿಸುತ್ತಾರೆ. ಎಲ್ಲವೂ ನಿಜ. ಆದರೆ ನಾನು ಈ ಪಟ್ಟಿ ಕೊಡುವುದಿಲ್ಲ. ಕೊಟ್ಟರೆ, ಕೇಳಿದ ಪ್ರಶ್ನೆ ನ್ಯಾಯವಾದದ್ದೇ ಎಂದು ಒಪ್ಪಿಕೊಂಡ ಹಾಗಾಗುತ್ತದೆ. ನಾನೊಬ್ಬಳು ವಿಜ್ಞಾನದ ಪಾಠ ಹೇಳಿದ ಹೆಂಗಸು. ನನ್ನ ತಕರಾರು ಇರುವುದು ಆ ಪ್ರಶ್ನೆಯ ಮೇಲೆಯೇ. ಅದಕ್ಕಾಗಿ ಬೇಕೆಂದೇ ಒಂದು 'ನಿರುಪಯೋಗಿ' ಕೆಲಸವನ್ನು ಆರಿಸಿಕೊಂಡಿದ್ದೇನೆ. ಅದರಿಂದ ಸೀರೆಯೂ ಬಂದಿಲ್ಲ, ಸೂಜಿಯೂ ಬಂದಿಲ್ಲ. ಪ್ರೋಟಾನುಗಳ ಡಿಕ್ಕಿಯಲ್ಲಿ ಭಾರದ ಕ್ವಾರ್ಕುಗಳ ಮೆಸಾನ್ ಒಂದೇ ಒಂದು, ಒಂಟಿಯಾಗಿ, ಎಷ್ಟು ಸಲ ಹುಟ್ಟುತ್ತದೆ ಎಂದು ಎಣಿಸುವ ಕೆಲಸ ಅದು. ಹೆಸರು ಕೇಳಿ ಪುಟ ತಿರುವಬೇಡಿ. ಹುಗ್ಗಿಯ ಹದ, ಹೋಳಿಗೆಯ ಕಣಕದ ಹದ ಬಲ್ಲ ನಮಗೆ ಇದು ತಿಳಿಯದ್ದೇನಲ್ಲ.

ಸ್ವಿಟ್ಜರ್ಲೆಂಡು ಮತ್ತು ಫ್ರಾನ್ಸಿನ ಗಡಿಯಲ್ಲಿ, ನೆಲದಿಂದ ಸುಮಾರು 100 ಮೀಟರ್ ಕೆಳಗೆ, 27 ಕಿಲೋಮೀಟರ್ ಸುತ್ತಳತೆಯ ಒಂದು ಸುರಂಗವಿದೆ. ನಮ್ಮೂರಿನಿಂದ ಬಬಲೇಶ್ವರಕ್ಕೆ ಹೋಗುವಷ್ಟು ದಾರಿ, ಒಂದೆರಡು ಕಿಲೋಮೀಟರ್ ಆಚೀಚೆ. ಅದನ್ನೇ ಬಳೆಯ ಹಾಗೆ ಬಗ್ಗಿಸಿ ಜೋಡಿಸಿದರೆ ಹೇಗೋ ಹಾಗೆ. ಅದರಲ್ಲಿ ಪ್ರೋಟಾನುಗಳನ್ನು ಎರಡು ಎದುರುಬದುರು ದಿಕ್ಕಿನಲ್ಲಿ, ಬೆಳಕಿನ ವೇಗಕ್ಕೆ ಕೂದಲೆಳೆಯಷ್ಟು ಕಡಿಮೆ ವೇಗದಲ್ಲಿ ಓಡಿಸಿ ಡಿಕ್ಕಿ ಹೊಡೆಸುತ್ತಾರೆ. ಸಾಮಾನ್ಯವಾಗಿ ಡಿಕ್ಕಿಯಾದಾಗ ಎರಡೂ ಒಡೆದು ಚೂರಾಗಿ ನೂರಾರು ಹೊಸ ಕಣಗಳು ದಿಕ್ಕುಪಾಲಾಗಿ ಚಿಮ್ಮುತ್ತವೆ. ಜಾತ್ರೆಯಲ್ಲಿ ಬಳೆಗಾರನ ಪೆಟ್ಟಿಗೆ ಕೈಜಾರಿ ಬಿದ್ದ ಹಾಗೆ.

ಆದರೆ ಅಪರೂಪಕ್ಕೊಮ್ಮೆ ಬೇರೊಂದು ಆಗುತ್ತದೆ. ಎರಡು ಪ್ರೋಟಾನುಗಳು ಮೈಗೆ ಮೈ ತಗಲದೆ ಪಕ್ಕದಲ್ಲೇ ಹಾದುಹೋಗುತ್ತವೆ. ಅಷ್ಟು ವೇಗದಲ್ಲಿ ಓಡುವ ಪ್ರೋಟಾನಿನ ಸುತ್ತ ಬೆಳಕಿನ ಕಣಗಳ, ಅಂದರೆ ಫೋಟಾನುಗಳ, ಒಂದು ಪರಿವೇಷವಿರುತ್ತದೆ. ಅದರಲ್ಲಿನ ಒಂದು ಫೋಟಾನು ಎದುರಿನ ಪ್ರೋಟಾನನ್ನು ಮುಟ್ಟುವ ಮುನ್ನ, ಕಣ್ಣು ಮಿಟುಕಿಸುವುದಕ್ಕಿಂತ ಕೋಟಿ ಕೋಟಿ ಪಾಲು ಚಿಕ್ಕ ಗಳಿಗೆಯಲ್ಲಿ, ಒಂದು ಚಾರ್ಮ್ ಕ್ವಾರ್ಕ್ ಮತ್ತು ಅದರ ಪ್ರತಿಕ್ವಾರ್ಕ್ ಎಂಬ ಜೋಡಿಯಾಗಿ ಬಿಚ್ಚಿಕೊಳ್ಳುತ್ತದೆ. ಆ ಜೋಡಿ ಎದುರಿನ ಪ್ರೋಟಾನಿನೊಳಗಿನ ಗ್ಲುವಾನುಗಳನ್ನು, ಎಂದರೆ ಕ್ವಾರ್ಕುಗಳನ್ನು ಬಿಗಿದಿಟ್ಟ ಅಂಟನ್ನು, ಸವರಿಕೊಂಡು ಒಂದು ಕಣವಾಗಿ ಹೊರಬೀಳುತ್ತದೆ. ಅದರ ಹೆಸರು ಜೆ-ಸೈ. 1974ರ ನವೆಂಬರಿನಲ್ಲಿ ಅಮೆರಿಕದ ಎರಡು ಪ್ರಯೋಗಾಲಯಗಳಲ್ಲಿ ಒಂದೇ ಸಮಯಕ್ಕೆ ಕಂಡ ಕಣ. ಒಬ್ಬರು ಜೆ ಎಂದರು, ಇನ್ನೊಬ್ಬರು ಸೈ ಎಂದರು, ಯಾರೂ ಬಿಟ್ಟುಕೊಡಲಿಲ್ಲ. ಬೀಗರಿಬ್ಬರ ಹಟಕ್ಕೆ ಮಗುವಿಗೆ ಎರಡು ಹೆಸರಿಟ್ಟ ಹಾಗೆ ಜೋಡಿ ಹೆಸರೇ ಉಳಿಯಿತು. ಪ್ರೋಟಾನಿಗಿಂತ ಮೂರು ಪಟ್ಟಿಗೂ ಹೆಚ್ಚು ಭಾರ. ಹುಟ್ಟಿದ ಮರುಗಳಿಗೆಯಲ್ಲೇ ಅಳಿಯುತ್ತದೆ. ಅಳಿಯುವಾಗ ಕೆಲವು ಸಲ ಎರಡು ಮ್ಯುವಾನುಗಳನ್ನು ಬಿಟ್ಟುಹೋಗುತ್ತದೆ. ಪ್ರೋಟಾನುಗಳೆರಡೂ ಏನೂ ಆಗಿಲ್ಲವೆಂಬಂತೆ ಇಡಿಯಾಗಿ ಮುಂದೆ ಸಾಗುತ್ತವೆ. ಇಷ್ಟು ದೊಡ್ಡ ಯಂತ್ರದ ತುಂಬ ಕಾಣುವುದು ಆ ಎರಡು ಗೆರೆ ಮಾತ್ರ. ಮಿಕ್ಕಿದ್ದೆಲ್ಲ ಖಾಲಿ. ಇದನ್ನೇ ನಾನು ಒಂಟಿ ಹುಟ್ಟು ಎಂದು ಕರೆಯುವುದು.

ಇದನ್ನು ಹಿಡಿಯುವುದು ಎಷ್ಟು ಕಷ್ಟವೆಂಬುದು ಗೋಳಗುಮ್ಮಟದ ಊರಿನವರಿಗೆ ಬೇಗ ತಿಳಿಯಬೇಕು. 1656ರ ಹೊತ್ತಿಗೆ ಕಟ್ಟಿ ನಿಲ್ಲಿಸಿದ ಆ ಗುಮ್ಮಟದ ಒಳಸುತ್ತಿನಲ್ಲಿ ಗೋಡೆಗೆ ಬಾಯಿ ಹಚ್ಚಿ ಪಿಸುಗುಟ್ಟಿದರೆ ಎದುರು ಮಗ್ಗುಲಿನವರಿಗೆ ಕೇಳಿಸುತ್ತದೆ ಎಂದು ಎಲ್ಲ ಪುಸ್ತಕಗಳಲ್ಲೂ ಬರೆದಿದೆ. ಆದರೆ ರಜೆಯ ದಿನ ಹೋಗಿ ನೋಡಿ. ಶಾಲೆಯ ಪ್ರವಾಸದ ಮಕ್ಕಳು, ಅವರಿಗಿಂತ ಜೋರಾಗಿ ಕೂಗುವ ಮಾಸ್ತರರು, ಸೀಟಿ ಊದುವವರು, ಗುಮ್ಮಟ ಒಂದೊಂದು ಕೂಗನ್ನೂ ಹಲವು ಪಟ್ಟು ಮಾಡಿ ತಲೆಯ ಮೇಲೆ ಸುರಿಯುತ್ತದೆ. ಅಲ್ಲಿ ಪಿಸುಮಾತು ಕೇಳಬೇಕೆಂದರೆ ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಮೆಟ್ಟಿಲು ಹತ್ತಿ ಯಾರೂ ಇಲ್ಲದ ಗಳಿಗೆಗೆ ಕಾಯಬೇಕು. ಸರ್ನಿನ ಎಲ್‌ಎಚ್‌ಸಿಬಿ ಎಂಬ ಪ್ರಯೋಗದವರು ಮಾಡಿದ್ದೂ ಅದನ್ನೇ, ಕಾಯುವುದನ್ನು. ಅವರ ಶೋಧಕದ ಕಣ್ಣಿಗೆ ಬೀಳುವಂಥ ಇಂಥ ಘಟನೆಯೊಂದು ಸಿಗಬೇಕಾದರೆ, ನಾನು ಅವರ ಅಂಕಿಗಳನ್ನೇ ಹಿಡಿದು ಭಾಗಾಕಾರ ಮಾಡಿ ನೋಡಿದ ಪ್ರಕಾರ, ಸುಮಾರು 24 ಕೋಟಿ ಗದ್ದಲದ ಡಿಕ್ಕಿಗಳನ್ನು ದಾಟಿ ಬರಬೇಕು.

ಇನ್ನು ಅವರು ಅಳೆದು ಬರೆದ ಸಂಖ್ಯೆಯನ್ನು ನೋಡೋಣ, ನನಗೆ ತೀರ ಮೆಚ್ಚುಗೆಯಾದದ್ದು ಅಲ್ಲಿದೆ. 2013ರಲ್ಲಿ ಪ್ರಕಟಿಸಿದ ಮೊದಲ ಲೆಕ್ಕ: 307 ಪಿಕೋಬಾರ್ನ್. ಬಾರ್ನ್ ಎಂದರೆ ಇಂಗ್ಲಿಷಿನಲ್ಲಿ ಕಣಜದ ಕೊಟ್ಟಿಗೆ. ಪರಮಾಣುವಿನ ತಿರುಳಿನ ಅಗಲವನ್ನು ನೋಡಿ "ಕೊಟ್ಟಿಗೆಯಷ್ಟು ದೊಡ್ಡದು" ಎಂದು ಯಾರೋ ನಗೆಯಾಡಿದ್ದು ಅಳತೆಯ ಹೆಸರಾಗಿ ನಿಂತಿತು. ಪಿಕೋ ಎಂದರೆ ಅದರ ಲಕ್ಷ ಕೋಟಿಯ ಒಂದು ಪಾಲು. ಆ 307ರ ಪಕ್ಕದಲ್ಲಿ ಅವರು ಇನ್ನೆರಡು ಸಂಖ್ಯೆ ಬರೆದರು: ಹೆಚ್ಚುಕಡಿಮೆ 21, ಹೆಚ್ಚುಕಡಿಮೆ 36. ಮೊದಲನೆಯದು, ಎಣಿಸಲು ಸಿಕ್ಕ ಘಟನೆಗಳು ಕಡಿಮೆ ಇದ್ದದ್ದರಿಂದ ಆಗಬಹುದಾದ ತಪ್ಪು. ಎರಡನೆಯದು, ನಮ್ಮ ಉಪಕರಣದಲ್ಲಿ, ನಮ್ಮ ಊಹೆಗಳಲ್ಲಿ ಇರಬಹುದಾದ ತಪ್ಪು. ಮರುವರ್ಷ ಇನ್ನೂ ಬಹಳ ಹೆಚ್ಚು ಘಟನೆಗಳನ್ನು ಎಣಿಸಿ 291 ಎಂದು ಬರೆದರು; ಪಕ್ಕದಲ್ಲಿ 7, ಮತ್ತು 19. ಸಂಖ್ಯೆ ಬದಲಾಯಿತು. ಯಾರ ಮಾನವೂ ಹೋಗಲಿಲ್ಲ, ಯಾರೂ ಯಾರ ಮೇಲೂ ಹರಿಹಾಯಲಿಲ್ಲ. ಹಳೆಯದರ ಅನುಮಾನದ ಅಂಚಿನೊಳಗೇ ಹೊಸದು ಕುಳಿತಿತು.

ನಮ್ಮ ಊರಿನಲ್ಲಿ ತಮ್ಮ ಮಾತಿನ ಪಕ್ಕದಲ್ಲಿ "ಹೆಚ್ಚುಕಡಿಮೆ ಇಷ್ಟು" ಎಂದು ಬರೆದುಕೊಡುವವರು ಯಾರಿದ್ದಾರೆ ಹೇಳಿ. ಜಾತಕ ಕೂಡಿಸುವವರು ಇಪ್ಪತ್ತೆಂಟು ಗುಣ ಕೂಡಿದವು ಎನ್ನುತ್ತಾರೆ. ಇಪ್ಪತ್ತೆಂಟು, ಹೆಚ್ಚುಕಡಿಮೆ ಹತ್ತು ಎಂದು ಹೇಳಿದ್ದನ್ನು ನಾನಂತೂ ಕೇಳಿಲ್ಲ. ಹೆಣ್ಣುಮಕ್ಕಳ ತಲೆಗೆ ಗಣಿತ ಹತ್ತುವುದಿಲ್ಲ ಎಂದು ಸಭೆಯಲ್ಲಿ ಹೇಳುವ ಹಿರಿಯರು ಎಷ್ಟು ಹೆಣ್ಣುಮಕ್ಕಳ ತಲೆಯನ್ನು ಅಳೆದು, ಎಷ್ಟು ತಪ್ಪನ್ನು ಬಿಟ್ಟುಕೊಟ್ಟು ಹೇಳುತ್ತಾರೆ? ತನಗೆಷ್ಟು ತಿಳಿಯದು ಎಂಬುದನ್ನೂ ಅಂಕಿಯಲ್ಲಿ ಬರೆದು ಸಹಿ ಮಾಡುವ ಮನುಷ್ಯರ ನಡುವೆ ನನ್ನ ಮನೆಯ ಹುಡುಗಿ ಐದು ವರ್ಷ ಕಳೆದು ಬರಲಿ ಎಂದು ನಾನು ಆಸೆಪಟ್ಟರೆ, ಅದರಿಂದ ಏನು ಬಂತು ಎಂದು ಕೇಳುವವರಿಗೆ ಏನು ಹೇಳಲಿ?

ಮೌನದ ಬಗ್ಗೆ ಇನ್ನೊಂದು ಮಾತು. ಖಾಲಿಯಾಗಿ ಕಂಡದ್ದೆಲ್ಲ ಖಾಲಿಯಲ್ಲ. ಪ್ರೋಟಾನು ಒಡೆದು ಅದರ ಚೂರುಗಳು ಶೋಧಕದ ಕಣ್ಣಿಗೆ ಬೀಳದೆ ಕೊಳವೆಯ ಗುಂಟ ಜಾರಿಹೋಗಿರಬಹುದು. ಅದಕ್ಕೆಂದೇ 2015ರಿಂದ ಶುರುವಾದ ಎರಡನೆಯ ಸುತ್ತಿಗೆ, ಡಿಕ್ಕಿಯ ಜಾಗದಿಂದ 114 ಮೀಟರ್ ದೂರದವರೆಗೆ ಸುರಂಗದ ಎರಡೂ ಕಡೆ ಹೊಳೆಯುವ ಪ್ಲಾಸ್ಟಿಕ್ಕಿನ ಫಲಕಗಳನ್ನಿಟ್ಟರು. ಅವುಗಳ ಕೆಲಸ ಒಂದೇ: ಅಲ್ಲಿ ಏನಾದರೂ ಹಾದುಹೋಯಿತೆ ಎಂದು ನೋಡುವುದು, ಹಾದುಹೋಗಿದ್ದರೆ ಆ ಘಟನೆಯನ್ನು ಲೆಕ್ಕದಿಂದ ತೆಗೆಯುವುದು. ಏನೂ ಆಗದಿರುವುದನ್ನು ಖಾತ್ರಿ ಮಾಡಿಕೊಳ್ಳಲು ಕಾವಲು! ಉದ್ದದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಜಗ್ಗಾಡಿ ಕೂಡಿಸಿ ಈ ಉಪಕರಣಕ್ಕೆ ಹರ್ಷೆಲ್ ಎಂದು ಹೆಸರಿಟ್ಟಿದ್ದಾರೆ. ಹರ್ಷೆಲ್ ಎಂದ ಕೂಡಲೆ ಎಲ್ಲರಿಗೂ ಯುರೇನಸ್ ಗ್ರಹ ಕಂಡುಹಿಡಿದ ಅಣ್ಣ ವಿಲಿಯಂ ನೆನಪಾಗುತ್ತಾನೆ. ನನಗೆ ನೆನಪಾಗುವವಳು ತಂಗಿ ಕ್ಯಾರೊಲಿನ್. ಅಣ್ಣನ ಮನೆವಾರ್ತೆ ನೋಡುತ್ತ, ರಾತ್ರಿಯಿಡೀ ಅವನು ಹೇಳಿದ್ದನ್ನು ಬರೆದುಕೊಳ್ಳುತ್ತ, 1786ರಲ್ಲಿ ತಾನೇ ಒಂದು ಧೂಮಕೇತು ಕಂಡುಹಿಡಿದಳು. ಮರುವರ್ಷದಿಂದ ಅರಸ ಅವಳಿಗೆ ವರ್ಷಕ್ಕೆ 50 ಪೌಂಡು ಪಗಾರ ಕೊಟ್ಟ. ಅದಕ್ಕೂ ಮೊದಲು ಅವಳಿಗೆ ಯಾರೂ "ಆಕಾಶ ನೋಡಿ ಏನು ಬಂತು" ಎಂದು ಕೇಳಿರಲಿಲ್ಲವೆ? ಕೇಳಿರಬೇಕು. ಹೇಗಿದ್ದರೂ ಇರಲಿ.

ಸರ್ನಿನ ಬಗ್ಗೆ ನಮ್ಮ ಊರಿಗೆ ಗೊತ್ತಿರುವುದು ಎರಡೇ ಸಂಗತಿ. ಒಂದು, ಅಲ್ಲಿ ನಟರಾಜನ ಮೂರ್ತಿ ಇದೆ. ಅದು ನಮ್ಮ ಸರಕಾರ ಕೊಟ್ಟ ಕಾಣಿಕೆ, 2004ರಲ್ಲಿ ಅಲ್ಲಿ ಸ್ಥಾಪನೆಯಾಯಿತು. ಅದರ ಚಿತ್ರವನ್ನು ಮೊಬೈಲಿನಲ್ಲಿ ಕಳಿಸುವವರು ಅಲ್ಲಿನ ವಿಜ್ಞಾನಿಗಳೆಲ್ಲ ಅದಕ್ಕೆ ಕೈಮುಗಿದೇ ಯಂತ್ರ ಚಾಲೂ ಮಾಡುತ್ತಾರೇನೋ ಎಂಬಂತೆ ಬರೆದಿರುತ್ತಾರೆ. ಎರಡು, ಅಲ್ಲಿ 'ದೇವಕಣ' ಸಿಕ್ಕಿತು. 2012ರ ಜುಲೈ 4ರಂದು ಹಿಗ್ಸ್ ಕಣದ ಸುದ್ದಿ ಬಂದಾಗ ಪತ್ರಿಕೆಗಳು ಹಾಕಿದ ತಲೆಬರಹ ಅದು. ಆ ಹೆಸರು ಹರಡಿದ್ದು ಲೆಡರ್‌ಮನ್ ಎಂಬ ವಿಜ್ಞಾನಿಯ 1993ರ ಪುಸ್ತಕದಿಂದ. ಚೋದ್ಯವೆಂದರೆ ಅದೇ ಲೆಡರ್‌ಮನ್ನನ ತಂಡ 1977ರಲ್ಲಿ ಜೆ-ಸೈಯ ದಪ್ಪ ಅಕ್ಕನಂಥ ಉಪ್ಸಿಲಾನ್ ಎಂಬ ಮೆಸಾನನ್ನು ಕಂಡುಹಿಡಿದಿತ್ತು, ಪ್ರೋಟಾನಿನ ಹತ್ತು ಪಟ್ಟು ತೂಕದ್ದು. ಅದರ ಒಂಟಿ ಹುಟ್ಟನ್ನೂ 2015ರಲ್ಲಿ ಅಳೆದರು. ಅದು ಯಾವ ತಲೆಬರಹಕ್ಕೂ ಏರಲಿಲ್ಲ.

ಈಗ ತೂಕದ ವಿಷಯ. ಹಿಗ್ಸ್ ಕಣ ಎಲ್ಲಕ್ಕೂ ತೂಕ ಕೊಡುತ್ತದೆ ಎಂದು ಆಗ ಬರೆದರಲ್ಲ, ನೀವೇ ಒಂದು ಲೆಕ್ಕ ಮಾಡಿ. ನಿಮ್ಮ ಮೈತೂಕ 60 ಕಿಲೋ ಎನ್ನಿ. ಅದು ಹೆಚ್ಚುಕಡಿಮೆ ಪೂರ್ತಿ ಪ್ರೋಟಾನು ಮತ್ತು ನ್ಯೂಟ್ರಾನುಗಳ ತೂಕ. ಒಂದು ಪ್ರೋಟಾನಿನೊಳಗಿನ ಮೂರು ಕ್ವಾರ್ಕುಗಳ ಸ್ವಂತ ತೂಕ ಕೂಡಿಸಿದರೆ ಪ್ರೋಟಾನಿನ ತೂಕದಲ್ಲಿ ನೂರಕ್ಕೆ ಒಂದು ಪಾಲಿನಷ್ಟು. ಅಂದರೆ 60 ಕಿಲೋದಲ್ಲಿ ಅರ್ಧ ಕಿಲೋ ಮೇಲೆ ಸ್ವಲ್ಪ. ಮಿಕ್ಕ ಐವತ್ತೊಂಬತ್ತು ಚಿಲ್ಲರೆ ಕಿಲೋ ಎಲ್ಲಿಂದ ಬಂತು? ಆ ಕ್ವಾರ್ಕುಗಳ ಓಡಾಟದ ಶಕ್ತಿ, ಅವನ್ನು ಬಿಗಿದ ಗ್ಲುವಾನುಗಳ ಶಕ್ತಿ. ನಮ್ಮನ್ನು ನೆಲಕ್ಕೆ ಒತ್ತಿ ಹಿಡಿದಿರುವುದು ಇಟ್ಟಿಗೆಗಿಂತ ಹೆಚ್ಚಾಗಿ ಗಾರೆ! ಆ ಗಾರೆ ಪ್ರೋಟಾನಿನಲ್ಲಿ ಎಷ್ಟು ದಟ್ಟವಾಗಿದೆ, ಅತಿ ಚಿಕ್ಕ ಪಾಲುಗಳಲ್ಲಿ ಎಷ್ಟು ಹಂಚಿಹೋಗಿದೆ ಎಂದು ತಿಳಿಯುವ ಕೆಲವೇ ದಾರಿಗಳಲ್ಲಿ ಈ ಒಂಟಿ ಹುಟ್ಟಿನ ಎಣಿಕೆ ಒಂದು. ಗ್ಲುವಾನುಗಳು ಎರಡು ಪಟ್ಟಾದರೆ ಎಣಿಕೆ ಸುಮಾರು ನಾಲ್ಕು ಪಟ್ಟಾಗುತ್ತದೆ, ಅಷ್ಟು ಸೂಕ್ಷ್ಮ. ಇದರಿಂದ ನಿಮ್ಮ ತೂಕ ಇಳಿಯುವುದಿಲ್ಲ, ಒಪ್ಪಿದೆ. ಆದರೆ ತಾನು ಏನಿನಿಂದ ಆಗಿದ್ದೇನೆ ಎಂದು ತಿಳಿಯಬಯಸುವುದು ಕೆಲಸವಿಲ್ಲದವರ ಕೆಲಸವೆಂದು ಯಾರು ಹೇಳಿದರು? ಬಸವಣ್ಣ ಹುಟ್ಟಿದ ಜಿಲ್ಲೆ ನಮ್ಮದು. ಕಾಯವೆಂದರೇನು ಎಂದು ಎಂಟುನೂರು ವರ್ಷಗಳ ಹಿಂದೆಯೇ ಕೇಳಿದ ನೆಲದಲ್ಲಿ ಈಗ ಈ ಪ್ರಶ್ನೆಗೆ ರೇಟು ಕೇಳುತ್ತಾರೆ.

ನಮ್ಮಲ್ಲಿ ಇದನ್ನು ಯಾರು ಮಾಡುತ್ತಾರೆ ಎಂದು ಕೇಳಬಹುದು. ರೋಹಿಣಿ ಗೋಡಬೋಲೆ ಎಂಬ ಹೆಸರನ್ನು ಎಷ್ಟು ಜನ ಕೇಳಿದ್ದೀರಿ? ಪುಣೆಯಲ್ಲಿ 1952ರಲ್ಲಿ ಹುಟ್ಟಿದವರು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದಶಕಗಳ ಕಾಲ ಪ್ರಾಧ್ಯಾಪಕಿಯಾಗಿದ್ದವರು, 2019ರಲ್ಲಿ ಪದ್ಮಶ್ರೀ ಪಡೆದವರು. 2024ರ ಅಕ್ಟೋಬರ್ 25ರಂದು ತೀರಿಕೊಂಡರು. ನಾನು ಮೇಲೆ ಹೇಳಿದೆನಲ್ಲ, ಫೋಟಾನು ಒಂದು ಗಳಿಗೆ ಕ್ವಾರ್ಕುಗಳಾಗಿ ಬಿಚ್ಚಿಕೊಳ್ಳುತ್ತದೆ ಎಂದು, ಬೆಳಕಿನೊಳಗಿನ ಆ ಕ್ವಾರ್ಕು-ಗ್ಲುವಾನುಗಳ ಸಂಸಾರವನ್ನು ಕುರಿತು ಅವರು ಮಾನ್ಯುಯೆಲ್ ಡ್ರೀಸ್ ಎಂಬುವರ ಜೊತೆ 1990ರ ದಶಕದ ಆರಂಭದಲ್ಲಿ ಮಾಡಿದ ಕೆಲಸಕ್ಕೆ ಜಗತ್ತಿನ ಭೌತವಿಜ್ಞಾನಿಗಳು ಡ್ರೀಸ್-ಗೋಡಬೋಲೆ ಪರಿಣಾಮ ಎಂದೇ ಹೆಸರಿಟ್ಟಿದ್ದಾರೆ. ಹೊಸ ಯಂತ್ರಗಳ ನಕಾಶೆ ಬರೆಯುವವರು ಅದನ್ನು ಲೆಕ್ಕಕ್ಕೆ ಹಿಡಿಯಬೇಕಾಗುತ್ತದೆ. ತನ್ನ ಹೆಸರನ್ನು ಪ್ರಕೃತಿಯ ಒಂದು ನಡೆಗೆ ಇಟ್ಟು ಹೋದ ಹೆಣ್ಣುಮಗಳು. ಆಕೆ ತೀರಿಕೊಂಡ ವಾರ ನಾನು ನಾಲ್ಕೈದು ಮಹಿಳಾ ಮಂಡಳಿಗಳ ಗೆಳತಿಯರನ್ನು ಕೇಳಿದೆ. ಒಬ್ಬರಿಗೂ ಗೊತ್ತಿರಲಿಲ್ಲ. ತಪ್ಪು ಅವರದಲ್ಲ, ಅವರ ಕಣ್ಣಿಗೆ ಬೀಳುವ ಪುಟಗಳಲ್ಲಿ ಆಕೆಗೆ ಜಾಗವಿರಲಿಲ್ಲ. ಆಕೆಗಿಂತಲೂ ಮೊದಲು ಬಿಭಾ ಚೌಧುರಿ ಇದ್ದರು. ಬಂಗಾಲದವರು. ಯುದ್ಧದ ಆ ವರ್ಷಗಳಲ್ಲಿ ದಾರ್ಜಿಲಿಂಗಿನ ಎತ್ತರದಲ್ಲಿ ಫೋಟೋ ಫಲಕಗಳನ್ನಿಟ್ಟು, ಆಕಾಶದಿಂದ ಬರುವ ಮೆಸಾನುಗಳ ಗೆರೆಗಳನ್ನು ದೇವೇಂದ್ರ ಮೋಹನ ಬೋಸರ ಜೊತೆ ಹುಡುಕಿದರು. ಯುದ್ಧದಿಂದಾಗಿ ಉತ್ತಮ ಫಲಕ ಸಿಗಲಿಲ್ಲ. ಅದೇ ಬಗೆಯ ವಿಧಾನದಲ್ಲಿ, ಒಳ್ಳೆಯ ಫಲಕಗಳಿಂದ, ಇಂಗ್ಲೆಂಡಿನ ಪೊವೆಲ್ 1950ರಲ್ಲಿ ನೊಬೆಲ್ ಪಡೆದ. ಆಕೆ ಮುಂದೆ ನಮ್ಮ ಕೋಲಾರದ ಚಿನ್ನದ ಗಣಿಯ ಪ್ರಯೋಗಗಳಲ್ಲೂ ಕೆಲಸ ಮಾಡಿದರು. ಅದೇ ಗಣಿಯಲ್ಲಿ, ನೆಲದಡಿ ಎರಡು ಕಿಲೋಮೀಟರಿಗೂ ಆಳದಲ್ಲಿ, ಕಲ್ಲಿನ ಮೌನದೊಳಗೆ, ಟಾಟಾ ಸಂಸ್ಥೆಯವರು ಮತ್ತು ಅವರ ಜಪಾನಿ, ಬ್ರಿಟಿಷ್ ಜೊತೆಗಾರರು 1965ರಲ್ಲಿ ವಾತಾವರಣದ ನ್ಯೂಟ್ರಿನೋಗಳ ಸುಳಿವು ಹಿಡಿದರು. ಕನ್ನಡ ನಾಡಿಗೆ ಈ ಕಾಯುವ ವಿದ್ಯೆ ಹೊಸದೇನಲ್ಲ. ಗಣಿ 2001ರಲ್ಲಿ ಮುಚ್ಚಿತು. ಚಿನ್ನದ ಲೆಕ್ಕ ಎಲ್ಲರಿಗೂ ಗೊತ್ತು, ನ್ಯೂಟ್ರಿನೋದ ಲೆಕ್ಕ ಯಾರಿಗೂ ಗೊತ್ತಿಲ್ಲ.

ರೋಹಿಣಿಯವರು ರಾಮಸ್ವಾಮಿ ಎಂಬುವರ ಜೊತೆ ಸೇರಿ 2008ರಲ್ಲಿ ನಮ್ಮ ದೇಶದ ನೂರರಷ್ಟು ವಿಜ್ಞಾನಿ ಹೆಂಗಸರ ಬದುಕಿನ ಬರಹಗಳನ್ನು ಕೂಡಿಸಿ ಇಂಗ್ಲಿಷಿನಲ್ಲಿ ಒಂದು ಪುಸ್ತಕ ತಂದರು. ಹೆಸರು, ಲೀಲಾವತಿಯ ಹೆಣ್ಣುಮಕ್ಕಳು ಎಂಬರ್ಥದ್ದು. ಇಲ್ಲಿ ನಮ್ಮ ಊರಿನವರು ಕಿವಿ ನೆಟ್ಟಗೆ ಮಾಡಬೇಕು. ಭಾಸ್ಕರಾಚಾರ್ಯ ಹುಟ್ಟಿದ 'ವಿಜ್ಜಡವಿಡ' ನಮ್ಮ ಬಿಜಾಪುರವೇ ಎಂದು ವೇದಿಕೆ ಸಿಕ್ಕಲ್ಲೆಲ್ಲ ಹೇಳುವವರಿದ್ದಾರೆ. ಅಲ್ಲ, ಅದು ನಮ್ಮ ಕಡೆಯದು ಎಂದು ಮಹಾರಾಷ್ಟ್ರದವರು ವಾದಿಸುತ್ತಾರೆ. ಅಪ್ಪ ಯಾವ ಊರಿನವನೆಂದು ಇಷ್ಟು ಜಗ್ಗಾಟ, ಮಗಳ ಮಾತೇ ಇಲ್ಲ! ಆಕೆಯ ಕತೆ ಎಲ್ಲರಿಗೂ ಗೊತ್ತಿರುವುದೇ: ಗಳಿಗೆ ಬಟ್ಟಲಿನೊಳಗೆ ಮುತ್ತು ಬಿದ್ದು ನೀರಿನ ತೂತು ಮುಚ್ಚಿತು, ಮುಹೂರ್ತ ಮೀರಿತು, ಮದುವೆ ನಿಂತಿತು, ಮಗಳನ್ನು ಸಮಾಧಾನಪಡಿಸಲು ಅಪ್ಪ ಗಣಿತದ ಪುಸ್ತಕಕ್ಕೆ ಅವಳ ಹೆಸರಿಟ್ಟ. ಇದು ಭಾಸ್ಕರನ ಮಾತಲ್ಲ, ಆತನಿಗಿಂತ ನಾಲ್ಕು ಶತಮಾನ ಈಚೆಗೆ, ಅಕ್ಬರನ ಆಸ್ಥಾನದ ಫೈಜಿ 1587ರಲ್ಲಿ ಪಾರಸಿಗೆ ಅನುವಾದ ಮಾಡಿದಾಗ ಬರೆದಿಟ್ಟ ಕತೆ. ಪುಸ್ತಕದಲ್ಲೇ ಇರುವುದೇನು? ಒಬ್ಬ ಹುಡುಗಿಯನ್ನು ಜಾಣೆ ಎಂದು ಕರೆದು, ಲೆಕ್ಕ ಬಲ್ಲೆಯಾದರೆ ಹೇಳು ಎಂದು ಕೇಳುವುದು. ಮದುವೆ ಮುರಿದ ಕತೆ ನೆನಪಿಟ್ಟ ನಾವು ಲೆಕ್ಕ ಕೇಳಿದ್ದನ್ನು ಮರೆತೆವು. ನಮ್ಮ ಹೆಣ್ಣುಮಕ್ಕಳ ಎಲ್ಲ ಕತೆಯನ್ನೂ ನಾವು ಹೀಗೆಯೇ ನೆನಪಿಡುತ್ತೇವೆ.

ಬಬಲೇಶ್ವರದ ಕಡೆಯ ಹಳ್ಳಿಯೊಂದರ ಹುಡುಗಿ ನನಗೆ ಗೊತ್ತು. ಬಿಎಸ್ಸಿಯಲ್ಲಿ ಒಳ್ಳೆಯ ಅಂಕ. ದಿನಾ ಬಸ್ಸಿನಲ್ಲಿ ಬಂದು ಹೋಗಿ ಕಲಿತವಳು. ಮನೆಯವರು ಕೆಟ್ಟವರಲ್ಲ, ಇಲ್ಲಿಯ ತನಕ ಓದಿಸಿದವರೇ. ಈಗ ಕೂತು ಮಾತಾಡುತ್ತಿದ್ದಾರೆ. ತಂದೆ ನನ್ನೆದುರಿಗೇ ಹೇಳಿದರು: "ಬಾಯಾರ, ಬಿಎಡ್ ಮಾಡಿದ್ರ ಒಂದು ನೌಕರಿ ಬರತೈತಿ. ಈ ಕಣಾ ಪಣಾ ಕಲತು ಏನ್ ಮಾಡೂದೈತಿ? ಮುಂದ ಆಕಿಗಿಂತ ಹೆಚ್ಚು ಕಲತ ವರಾ ಎಲ್ಲಿ ತರೂದು?" ಆ ಹುಡುಗಿಯ ಅವ್ವ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಏನೂ ಮಾತಾಡಲಿಲ್ಲ. ಆ ತಾಯಿ ವರ್ಷದಲ್ಲಿ ಕೆಲವು ತಿಂಗಳು ಟಿಕೋಟಾ ಕಡೆಯ ಮಣೂಕ ಶೆಡ್ಡಿಗೆ ಕೂಲಿಗೆ ಹೋಗುವವಳು. ದ್ರಾಕ್ಷಿಯನ್ನು ಎಣ್ಣೆ, ಪೊಟ್ಯಾಶಿಯಮ್ ಕಾರ್ಬೊನೇಟಿನ ನೀರಿನಲ್ಲಿ ಅದ್ದಿ ಬಲೆಯ ಮೇಲೆ ಎರಡು ವಾರ ಒಣಗಿಸಿದ ಮೇಲೆ, ಹೆಂಗಸರು ಸಾಲಾಗಿ ಕುಳಿತು ಒಂದೊಂದು ಕಾಳನ್ನೂ ಆರಿಸುತ್ತಾರೆ: ಹಸಿರು ಬೇರೆ, ಹಳದಿ ಬೇರೆ, ಕಪ್ಪಾದದ್ದು ಬೇರೆ, ತೊಟ್ಟು ಬಿಡದ್ದು ಬೇರೆ. ಸಂಜೆಯ ತನಕ ಲಕ್ಷ್ಯ ಕದಡಬಾರದು. ನಾನು ಇದನ್ನು ಹೊಗಳುವುದಕ್ಕಾಗಿ ಹೇಳುತ್ತಿಲ್ಲ. "ನಮ್ಮ ತಾಯಂದಿರೇ ದೊಡ್ಡ ವಿಜ್ಞಾನಿಗಳು" ಎಂದು ಮಹಿಳಾ ದಿನದಂದು ಭಾಷಣ ಮಾಡಿ ಕೂಲಿ ಹೆಚ್ಚಿಸದೆ ಹೋಗುವವರ ಮೇಲೆ ನನಗೆ ಸಿಟ್ಟಿದೆ. ಮಣೂಕ ಆರಿಸುವುದು ಭೌತವಿಜ್ಞಾನವಲ್ಲ. ಆದರೆ ಕೋಟಿಯಲ್ಲಿ ಒಂದನ್ನು ಬೇರೆ ಮಾಡುವ ತಾಳ್ಮೆಯಾಗಲಿ, ಕಣ್ಣಾಗಲಿ ನಮ್ಮ ಹೆಂಗಸರಿಗಿಲ್ಲ ಎಂದು ಹೇಳುವವರು ಒಂದು ದಿನ ಆ ಶೆಡ್ಡಿನಲ್ಲಿ ಕೂರಲಿ. ಇರುವ ಕಣ್ಣಿಗೆ ಬರಿ ಕೂಲಿಯನ್ನೇ ತೋರಿಸಿದ್ದು ಯಾರು ಎಂಬುದು ನನ್ನ ಪ್ರಶ್ನೆ.

ವರನ ಮಾತಿಗೆ ನನ್ನ ಬಳಿ ಉತ್ತರವಿಲ್ಲ, ಉತ್ತರ ಕೊಡಬೇಕಾದವರು ಗಂಡುಮಕ್ಕಳನ್ನು ಹೆತ್ತವರು.

ಇನ್ನೊಂದು ಆಕ್ಷೇಪ ಇದಕ್ಕಿಂತ ತೂಕದ್ದು, ಅದನ್ನು ತಳ್ಳಿಹಾಕಲು ಬರುವುದಿಲ್ಲ. ಬೇಸಿಗೆಯಲ್ಲಿ ಟ್ಯಾಂಕರಿಗೆ ಕೊಡ ಹಿಡಿದು ನಿಂತ ಜಿಲ್ಲೆಯವರು ಜಿನೀವಾದ ಸುರಂಗದ ಮಾತಾಡಬಹುದೆ? ನಮ್ಮ ದೇಶವೂ 2017ರಿಂದ ಸರ್ನಿನ ಸಹಸದಸ್ಯ, ವಂತಿಗೆ ಕೊಡುತ್ತದೆ. ಆ ಹಣದಲ್ಲಿ ಕೆರೆ ತುಂಬಿಸಬಾರದೆ? ತುಂಬಿಸಬೇಕು, ಕೆರೆ ತುಂಬಿಸಲೇಬೇಕು. ಆದರೆ ನಮ್ಮೂರಿನ ಸುರಂಗಗಳನ್ನೂ ಸ್ವಲ್ಪ ನೆನೆಯೋಣ. ಆದಿಲಶಾಹಿ ಕಾಲದಲ್ಲಿ ತೊರವಿಯ ಕಡೆಯಿಂದ ನೆಲದೊಳಗೇ ಕಾಲುವೆ ತೋಡಿ ಊರಿಗೆ ನೀರು ತಂದರು. 1620ರ ತಾಜ ಬಾವಡಿ ಇಂದಿಗೂ ಊರ ನಡುವೆ ಇದೆ. ಆ ಸುರಂಗಗಳಲ್ಲಿ ಮಣ್ಣು ತುಂಬಿದ್ದು, ಆ ಬಾವಡಿಯಲ್ಲಿ ಎಷ್ಟೋ ವರ್ಷ ಗಣಪತಿ ಮೂರ್ತಿಗಳೂ ಕಸವೂ ತೇಲಿದ್ದು ಯಾವ ಪ್ರೋಟಾನಿನ ದೆಸೆಯಿಂದ? ನೀರಿಲ್ಲದಿರುವುದಕ್ಕೆ ಕಾರಣ ಹುಡುಕುವಾಗ ಕಂಟ್ರಾಕ್ಟುಗಳನ್ನು ಬಿಟ್ಟು ಕ್ವಾರ್ಕುಗಳನ್ನು ಹಿಡಿಯುವುದು ಬಹಳ ಅನುಕೂಲದ ಮಾತು. ಕ್ವಾರ್ಕು ಮಾನಹಾನಿಯ ದಾವೆ ಹಾಕುವುದಿಲ್ಲ. ಇಷ್ಟಕ್ಕೂ ಆ ಭೂಗತ ಕಾಲುವೆಗೆ ಎಷ್ಟು ಇಳಿಜಾರು ಬೇಕು, ಎಷ್ಟು ದೂರಕ್ಕೊಂದು ಗಾಳಿಬಾವಿ ಬೇಕು ಎಂದು ಅಳೆದು ಕೂಡಿಸಿದವರು ಇದೇ ಊರಿನಲ್ಲಿದ್ದರು.

ತೊರವಿಯಲ್ಲಿ ಈಗ ಮಹಿಳಾ ವಿಶ್ವವಿದ್ಯಾಲಯವಿದೆ. 2003ರಲ್ಲಿ ಸ್ಥಾಪನೆಯಾಗಿ, ಈಗ ಅಕ್ಕಮಹಾದೇವಿಯ ಹೆಸರು ಹೊತ್ತದ್ದು. ಟಿಕೋಟಾದ ಬಸ್ಸು ಅದರ ಮುಂದೆಯೇ ಹಾದುಹೋಗುತ್ತದೆ. ಮನೆತನ, ಮರ್ಯಾದೆ ಎಂಬ ಹೊರೆಯನ್ನು ಇಳಿಸಿ ತನ್ನ ಪ್ರಶ್ನೆಯೊಂದನ್ನೇ ಹಿಡಿದು ನಡೆದವಳ ಹೆಸರನ್ನು ಕಮಾನಿಗೆ ಬರೆಸಿ, ಅದೇ ಕಮಾನಿನ ಮುಂದೆ ಹುಡುಗಿಯನ್ನು ಇಳಿಸಲು ಬಂದ ಅಪ್ಪಂದಿರು "ಇದರಿಂದ ಏನ್ ಬರತೈತಿ" ಎಂದು ಕೇಳುವುದನ್ನು ನಾನು ಕಿವಿಯಾರೆ ಕೇಳಿದ್ದೇನೆ.

ಆ ಬಬಲೇಶ್ವರದ ಹುಡುಗಿಗೆ ನಾನು ಹೇಳಿದ್ದು ಇಷ್ಟು. ಮನೆಯವರ ಮಾತು ಮುಗಿಯುವ ತನಕ ಸುಮ್ಮನೆ ಕೂರಬೇಡ. ಸರ್ನಿನವರು 2014ರಿಂದ ತ��್ಮ ಅಳತೆಗಳ ಒಂದು ಪಾಲನ್ನು ಯಾರು ಬೇಕಾದರೂ ತೆಗೆದುಕೊಳ್ಳುವಂತೆ ಇಂಟರ್‌ನೆಟ್ಟಿನಲ್ಲಿ ತೆರೆದಿಟ್ಟಿದ್ದಾರೆ. ದುಡ್ಡಿಲ್ಲ, ವಶೀಲಿ ಬೇಡ, ಅಪ್ಪನ ಸಹಿಯೂ ಬೇಡ. ಎರಡು ಮ್ಯುವಾನು ಸಿಕ್ಕ ಘಟನೆಗಳನ್ನು ಆರಿಸಿ ಕೊಟ್ಟ ಕಡತಗಳೂ ಅದರಲ್ಲಿವೆ. ಅವು ಒಂಟಿ ಹುಟ್ಟಿನವಲ್ಲ, ಬಹುತೇಕ ಗದ್ದಲದೊಳಗಿನವೇ. ಕಲಿಯಲು ಅಷ್ಟು ಸಾಕು. ಪ್ರತಿ ಸಾಲಿನಲ್ಲೂ ಎರಡು ಮ್ಯುವಾನುಗಳ ಶಕ್ತಿ, ಸಂವೇಗ, ದಿಕ್ಕು. ಬಿಎಸ್ಸಿಯಲ್ಲಿ ಕಲಿತ ಸೂತ್ರದಿಂದ ಅವೆರಡೂ ಹುಟ್ಟಿದ ಕಣದ ತೂಕ ತೆಗೆಯಬಹುದು. ಕಾಲೇಜಿನ ಹಳೆಯ ಕಂಪ್ಯೂಟರು ಸಾಕು. ಸಾವಿರಾರು ಸಾಲುಗಳ ತೂಕ ತೆಗೆದು, ಯಾವ ತೂಕದವು ಎಷ್ಟು ಎಂದು ನಕ್ಷೆ ಎಳೆದರೆ, ಮೊದಲು ಎಲ್ಲ ಕಡೆ ಅಸ್ತವ್ಯಸ್ತ ಚುಕ್ಕೆಗಳೇ ಕಾಣುತ್ತವೆ. ಸಾಲುಗಳು ಹೆಚ್ಚಿದ ಹಾಗೆ 3.1ರ ಹತ್ತಿರ ಒಂದು ಗುಡ್ಡ ಏಳತೊಡಗುತ್ತದೆ, ಆಮೇಲೆ 9.5ರ ಹತ್ತಿರ ಇನ್ನೊಂದು, ಸಣ್ಣದು.